11 ಭೇಟಿ: ಗ್ಲಾಸ್ಗೋದಲ್ಲಿ ನಡೆದದ್ದು, ಕಾರವಾರದಲ್ಲಿ ಆಗಬಹುದಾದದ್ದು

ಕಾರವಾರ, ಅಂಕೋಲಾ, ಶಿರಸಿ ಕಡೆ ವ್ಯಸನ ಅಂದರೆ ಗಂಡಸರ ವಿಷಯ. ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಕೂರುವವರು ಗಂಡಸರು, ಅವರನ್ನು ಕರೆತಂದು ಬಿಟ್ಟುಹೋಗುವವರು ಹೆಂಗಸರು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ನಿಂತದ್ದೂ ಕುಡಿತದಿಂದ ಮಗನನ್ನು ಕಳೆದುಕೊಂಡ ತಾಯಿಯಾಗಿ. ಆದರೆ ಬಿಡಲಾರದೆ ಒದ್ದಾಡುತ್ತಿರುವವಳು ಹೆಂಗಸೇ ಆಗಿದ್ದು, ಅವಳು ಬಸುರಿಯೂ ಆಗಿದ್ದರೆ ಯಾರ ಬಾಗಿಲು ತಟ್ಟಬೇಕು?

ನಾನು ಈಗಿರುವ ಗ್ಲಾಸ್ಗೋ ಈ ಪ್ರಶ್ನೆಯನ್ನು ಮೂರು ದಶಕಕ್ಕೂ ಹಿಂದೆಯೇ ಎತ್ತಿಕೊಂಡಿತು. ಸ್ಕಾಟ್ಲೆಂಡ್ ಮಾದರಿ ದೇಶ ಅಂತ ಹೇಳುತ್ತಿಲ್ಲ. 2020 ಒಂದೇ ವರ್ಷದಲ್ಲಿ ಇಲ್ಲಿ ಮಾದಕವಸ್ತುವಿನಿಂದ 1,339 ಮಂದಿ ಸತ್ತರು. ಆದರೂ ಪ್ರಸೂತಿ ತಜ್ಞೆ ಮೇರಿ ಹೆಪ್‌ಬರ್ನ್ 1990ರಲ್ಲಿ ಇಲ್ಲಿ ಕಟ್ಟಿದ ಸೇವೆಯ ಕ್ರಮ ನಾವು ಎತ್ತಿಕೊಳ್ಳುವಂಥದ್ದು. ಬೇರೆ ಡಾಕ್ಟರರ ಚೀಟಿ ಇಲ್ಲದೆ ಬಸುರಿ ನೇರ ಬರಬಹುದು. ಹೆರಿಗೆ ಡಾಕ್ಟರು, ಮಿಡ್‌ವೈಫ್, ವ್ಯಸನ ಚಿಕಿತ್ಸೆ, ಸಮಾಜ ಕಾರ್ಯಕರ್ತೆ ಎಲ್ಲ ಒಂದೇ ಕಡೆ ಸಿಗುತ್ತಾರೆ. ಹುಟ್ಟಿದ ಮಗುವನ್ನು ಕಾರಣವಿಲ್ಲದೆ ವಿಶೇಷ ಘಟಕಕ್ಕೆ ಒಯ್ಯದೆ ತಾಯಿಯ ಮಗ್ಗುಲಲ್ಲೇ ಬಿಡುತ್ತಾರೆ. ಅಮೆರಿಕದ ಟೆನೆಸ್ಸಿ ರಾಜ್ಯ ಇದಕ್ಕೆ ವಿರುದ್ಧ ದಾರಿ ಹಿಡಿದು, 2014ರಲ್ಲಿ ಬಸುರಿಯಲ್ಲಿ ಮಾದಕವಸ್ತು ತೆಗೆದುಕೊಂಡವಳ ಮೇಲೆ ಕ್ರಿಮಿನಲ್ ಕೇಸು ಹಾಕುವ ಕಾನೂನು ತಂದಿತು. ಹೆಂಗಸರು ಆಸ್ಪತ್ರೆಗೆ ಬರಲು ಹೆದರಿದರು. 2016ರಲ್ಲಿ ಆ ಕಾನೂನಿನ ಅವಧಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಬೈಗುಳಕ್ಕೂ ಇದೇ ಪರಿಣಾಮ. ಒಮ್ಮೆ ಬೈಸಿಕೊಂಡವಳು ಮುಂದಿನ ಸಲ ಹೆರಿಗೆ ನೋವು ಬಂದಾಗಲೇ ಬರುತ್ತಾಳೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಕವಳದಿಂದ, ಅಂದರೆ ಎಲೆ ಅಡಿಕೆಯಿಂದ, ಶುರು ಮಾಡಬೇಕು. ಹೆರಾಯಿನ್ ಬಗ್ಗೆ ಕೇಳಿದರೆ ಎಲ್ಲರೂ ತಲೆಯಾಡಿಸಿ ಎದ್ದುಹೋಗುತ್ತಾರೆ. ತಾಯಿ ಕಾರ್ಡ್ ಮಾಡಿಸಲು ಬಂದ ಪ್ರತಿಯೊಬ್ಬಳಿಗೂ, ಅತ್ತೆ ಹೊರಗೆ ಕೂತಿದ್ದಾಗ, ಒಂದೇ ಕ್ರಮದಲ್ಲಿ ಕೇಳಬೇಕು: “ತಂಗೀ, ಕವಳ ಹಾಕೂದು ದಿನಕ್ಕೆ ಎಷ್ಟು ಸಲ? ತಂಬಾಕು ಸೇರಿಸ್ತ್ಯಾ? ಮಶೇರಿ ತಿಕ್ತ್ಯಾ?” ಮಶೇರಿ ಅಂದರೆ ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿ. ಅಲ್ಲಿಂದ ಸಾರಾಯಿಗೆ, ನಿದ್ದೆ ಮಾತ್ರೆಗೆ, ನೋವಿನ ಮಾತ್ರೆಗೆ, ಕೊನೆಗೆ ಗಾಂಜಾ ಮತ್ತು ಇಂಜೆಕ್ಷನ್‌ಗೆ ಬರಬೇಕು. ನಾಚಿಕೆ ಕಡಿಮೆ ಇರುವ ವಿಷಯದಿಂದ ಹೆಚ್ಚು ಇರುವ ವಿಷಯಕ್ಕೆ ಹೋದರೆ ಮಾತು ಮುರಿಯುವುದಿಲ್ಲ.

ಕವಳದ ತಂಬಾಕೂ ಸಣ್ಣ ವಿಷಯವಲ್ಲ. ಮುಂಬೈಯ ಬಸುರಿಯರನ್ನು ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ರಕ್ತಹೀನತೆ ಇರುವವಳಿಗೆ ಈ ನಷ್ಟ ಇನ್ನೂ ಭಾರ. ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಹಾಕಿದರಾಯಿತು ಅನ್ನುವುದು ಪೂರ್ತಿ ಪರಿಹಾರವಲ್ಲ. ಶಿರಸಿ ಸೀಮೆ ಬದುಕಿರುವುದೇ ಅಡಿಕೆಯ ಮೇಲೆ, ಹಾಗಾಗಿ ಹೇಳುವುದು ಕಷ್ಟ, ಆದರೂ ಬಸುರಿಗೆ ಅಡಿಕೆಯೂ ಬೇಡ. ಹೆರಿಗೆಯಾದ ಮೇಲೆ ಊಟವಾದ ಕೂಡಲೇ ಬಾಣಂತಿಗೆ ಕವಳ ಕೊಡುವ ರೂಢಿ ಇದೆಯಲ್ಲ, ಒಂಬತ್ತು ತಿಂಗಳು ಬಿಟ್ಟವಳೂ ಮರಳಿ ಹಿಡಿಯುವುದು ಅಲ್ಲೇ. ಇದನ್ನು ಬಾಣಂತನ ಮಾಡುವ ಅಮ್ಮನಿಗೆ ಏಳನೇ ತಿಂಗಳಲ್ಲೇ ಹೇಳಿಡಬೇಕು. ಬ್ರಾಂದಿ ಕೊಡುವ ಮನೆಗಳಲ್ಲಿ ಅದನ್ನೂ.

ಕುಡಿತದ ವಿಷಯದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪು ಒಮ್ಮೆಲೇ ನಿಲ್ಲಿಸುವುದು. ಗೋವಾ ಗಡಿ ಹತ್ತಿರವಿರುವ ಮಾಜಾಳಿ, ಸದಾಶಿವಗಡದಂಥ ಊರುಗಳಲ್ಲಿ ಅಗ್ಗದ ಮದ್ಯ ಸುಲಭವಾಗಿ ಸಿಗುತ್ತದೆ. ಬಸುರಿ ಅಂತ ಗೊತ್ತಾದ ದಿನ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ನೋಡುತ್ತಾರೆ. ಬಸುರಿಯಲ್ಲಿ ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಪ್ರಮಾಣ ಇಲ್ಲವೇ ಇಲ್ಲ, ನಿಜ. ಆದರೆ ದಿನಾ ಕುಡಿಯುವವಳಿಗೆ ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ. ಆದ್ದರಿಂದ ಬಿಡಿಸುವುದು ಆಸ್ಪತ್ರೆಯಲ್ಲೇ. ಅಲ್ಲೂ ಎರಡು ಎಚ್ಚರ ಬೇಕು. ಸುಸ್ತಾಗಿದ್ದಾಳೆ ಅಂತ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳಬಹುದು. 20 ವಾರದ ನಂತರ ಫಿಟ್ಸ್ ಬಂದರೆ ಬಿಪಿ, ಮೂತ್ರದ ಪ್ರೋಟೀನ್ ನೋಡಿ ಎಕ್ಲಾಂಪ್ಸಿಯಾ (ಬಸುರಿಯಲ್ಲಿ ಬಿಪಿ ಏರಿ ಬರುವ ಫಿಟ್ಸ್) ಅಂತಲೇ ಮೊದಲು ಯೋಚಿಸಬೇಕು, ಕುಡಿತದ ಹೆಸರಿನಲ್ಲಿ ಅದನ್ನು ಬಿಟ್ಟುಬಿಡಬಾರದು. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಸಾರಿನಲ್ಲಿ ಕಲಸಿ ಕೊಡುವ ಕೆಲಸ ಯಾರೂ ಮಾಡಬಾರದು. ಬಸುರಿಗಂತೂ ಆ ಮಾತ್ರೆಯೇ ಸಲ್ಲದು. ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಯನ್ನೂ ಹಂತಹಂತವಾಗಿಯೇ ಇಳಿಸಬೇಕು.

ಹೆರಾಯಿನ್, ಟ್ರಾಮಡಾಲ್, ಇಂಜೆಕ್ಷನ್ ಹೀಗೆ ಒಪಿಯಾಯ್ಡ್ (ಅಫೀಮಿನ ಬಗೆಯ ವಸ್ತು) ಹಿಡಿದವಳಿಗೆ ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಹೇಳಿದ್ದು ಅದರ ಬದಲಿಗೆ ಅಳೆದು ಕೊಡುವ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಚಿಕಿತ್ಸೆಯನ್ನು. ಪೂರ್ತಿ ಬಿಡಿಸುವ ಪ್ರಯತ್ನಕ್ಕಿಂತ ಇದು ಸುರಕ್ಷಿತ, ಯಾಕೆಂದರೆ ಬಿಟ್ಟವಳು ಮರಳಿ ಬೀಳುವ ಸಂಭವ ಹೆಚ್ಚು, ಮರಳಿದಾಗ ದೇಹ ಹಳೆಯ ಪ್ರಮಾಣ ತಡೆಯುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ರಕ್ತದ ಪ್ರಮಾಣ ಏರುವುದರಿಂದ ಅದೇ ಡೋಸ್ ಸಾಲದೆ ಹೋಗಬಹುದು. ಹೆಚ್ಚಿಸಿ ಅಂತ ಕೇಳಿದರೆ ಚಟ ಏರಿತು ಅಂತ ತೀರ್ಮಾನಿಸಬೇಡಿ. ದಿನದ ಡೋಸನ್ನು ಎರಡಾಗಿ ಹಂಚಿ ಕೊಡುವುದೂ ಒಂದು ದಾರಿ.

ಹೆರಿಗೆ ವಾರ್ಡಿನಲ್ಲಿ ತಪ್ಪುವುದು ಇನ್ನೊಂದು ಕಡೆ. ನಮ್ಮ ಆಸ್ಪತ್ರೆಗಳಲ್ಲಿ ನೋವಿಗೆ ಪೆಂಟಾಜೋಸಿನ್ ಇಂಜೆಕ್ಷನ್ ಕೊಡುವ ಅಭ್ಯಾಸ ಇದೆ. ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುವವಳಿಗೆ ಪೆಂಟಾಜೋಸಿನ್, ಬ್ಯುಟೋರ್ಫನಾಲ್ ಕೊಟ್ಟರೆ ಏಕಾಏಕಿ ತೀವ್ರ ವಿತ್‌ಡ್ರಾವಲ್ (ಚಟದ ವಸ್ತು ತಪ್ಪಿದಾಗಿನ ಯಾತನೆ) ಶುರುವಾಗಬಹುದು. ಅವಳ ದಿನದ ಮಾತ್ರೆ ಹೆರಿಗೆಯ ದಿನವೂ ತಪ್ಪಬಾರದು, ನೋವಿಗೆ ಬೇರೆಯೇ ಔಷಧ ಬೇಕು. ಹುಟ್ಟಿದ ಮಗು ಸರಿಯಾಗಿ ಉಸಿರಾಡದಿದ್ದರೆ ಒಪಿಯಾಯ್ಡ್ ಪರಿಣಾಮ ಇಳಿಸುವ ನಲೋಕ್ಸೋನ್ ಚುಚ್ಚದೆ ಬ್ಯಾಗ್ ಮಾಸ್ಕ್‌ನಿಂದ ಉಸಿರು ಕೊಡಬೇಕು. ಇಂಥ ಮಗುವಿಗೆ ನಲೋಕ್ಸೋನ್ ಫಿಟ್ಸ್ ತರಬಹುದು. ಇಷ್ಟನ್ನೂ ಕೆಂಪು ಶಾಯಿಯಲ್ಲಿ ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆದಿಟ್ಟರೆ ರಾತ್ರಿ ಪಾಳಿಯ ಸಿಸ್ಟರ್‌ಗೂ ಗೊತ್ತಿರುತ್ತದೆ.

ಮಗುವನ್ನು ನಾಲ್ಕರಿಂದ ಏಳು ದಿನ ಆಸ್ಪತ್ರೆಯಲ್ಲೇ ಗಮನಿಸಬೇಕು. ಅದಕ್ಕೂ ವಿತ್‌ಡ್ರಾವಲ್ ಆಗಿ ಕೀಚಲು ಅಳು, ನಡುಕ, ಮೇಲಿಂದ ಮೇಲೆ ಸೀನು, ಭೇದಿ ಕಾಣಿಸಬಹುದು. ಹಿಂದೆ ಇಂಥ ಮಕ್ಕಳನ್ನು ಅಂಕ ಹಾಕಿ ಐಸಿಯುನಲ್ಲಿಟ್ಟು ಮಾರ್ಫಿನ್ ಕೊಡುತ್ತಿದ್ದರು. ಈಗ ಕೇಳುವ ಪ್ರಶ್ನೆ ಮೂರೇ: ಎದೆಹಾಲು ಚೆನ್ನಾಗಿ ಕುಡಿಯುತ್ತದೆಯೇ, ಒಂದು ಗಂಟೆ ಎಚ್ಚರವಾಗದೆ ಮಲಗುತ್ತದೆಯೇ, ಎತ್ತಿಕೊಂಡರೆ ಹತ್ತು ನಿಮಿಷದೊಳಗೆ ಅಳು ನಿಲ್ಲಿಸುತ್ತದೆಯೇ. ಅಮೆರಿಕದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕ್ರಮದಿಂದ, ಮನೆಗೆ ಹೋಗಲು ಸಿದ್ಧವಾಗುವ ಅವಧಿ 14.9 ದಿನದಿಂದ 8.2 ದಿನಕ್ಕೆ ಇಳಿಯಿತು. ಔಷಧ ಬೇಕಾದ ಮಕ್ಕಳ ಪ್ರಮಾಣ ಶೇ 52ರಿಂದ ಶೇ 19.5ಕ್ಕೆ ಬಂತು. ಮಂದ ಬೆಳಕು, ಬಟ್ಟೆ ಸುತ್ತಿ ಅಪ್ಪಿಕೊಳ್ಳುವುದು, ಪದೇಪದೇ ಹಾಲೂಡಿಸುವುದು: ನಮ್ಮ ಅಜ್ಜಿಯರು ಬಾಣಂತಿ ಕೋಣೆಯಲ್ಲಿ ಮಾಡಿಕೊಂಡು ಬಂದದ್ದೇ ಇಲ್ಲಿ ಚಿಕಿತ್ಸೆ. ಗ್ಲಾಸ್ಗೋದಲ್ಲಿ ಇದಕ್ಕೆ ಕೈ ಸಾಲದು, ಎಷ್ಟೋ ತಾಯಂದಿರು ಒಂಟಿ. ನಮ್ಮಲ್ಲಿ ಕೈಗಳಿವೆ. ಲೋಬಾನದ ಹೊಗೆಯೊಂದನ್ನು ಬಿಡಬೇಕು. ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಮೇಲೆ ಸ್ಥಿರವಾಗಿರುವ ತಾಯಿ ಹಾಲೂಡಿಸಬಹುದು. ಕುಡಿದಿದ್ದಾಗ ಅಥವಾ ನಿದ್ದೆ ಮಾತ್ರೆ ನುಂಗಿದಾಗ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಮಾತ್ರ ಬೇಡ.

ತಾಯಿಮಗುವನ್ನು ಬೇರೆ ಮಾಡಬಾರದು ಅನ್ನುವುದು ನಮ್ಮ ಕಾನೂನಿನಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 21ರ ಪ್ರಕಾರ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಕುಡಿತ, ಮಾದಕವಸ್ತುವಿನ ತೊಂದರೆಯೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತಾಯಿ ಮಗುವಿನ ಘಟಕ ತೆರೆಯಿತು. ಆದರೆ ಕಾರವಾರದಿಂದ ಬೆಂಗಳೂರಿಗೆ ಹಸಿ ಬಾಣಂತಿ ಹೋಗಲಾರಳು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಅದೂ ಘಟ್ಟ ಹತ್ತಿ ಹೋಗುವ ದಾರಿ. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಯೋಜನೆಯ ಮನೋವೈದ್ಯರು ಬರುವುದು ಮಂಗಳವಾರ, ಬಸುರಿಯರ ವಿಶೇಷ ತಪಾಸಣೆ ತಿಂಗಳ 9ಕ್ಕೆ. ಎರಡೂ ಒಂದೇ ದಿನ ಬೀಳುವುದು ವರ್ಷಕ್ಕೆ ಹೆಚ್ಚೆಂದರೆ ಮೂರು ಸಲ. ಮೀನು ಮಾರುವವಳು ಎರಡು ದಿನದ ವ್ಯಾಪಾರ ಬಿಟ್ಟು ಬರುವುದಿಲ್ಲ. ಆ ಮಂಗಳವಾರವೇ ಹೆರಿಗೆ ಡಾಕ್ಟರೂ ನೋಡಿದರೆ ಹೆಪ್‌ಬರ್ನರ ಅರ್ಧ ಕೆಲಸ ಕುಮಟಾದಲ್ಲೇ ಆಗುತ್ತದೆ. ಮಧ್ಯೆ ಮಾತಾಡಲು 14416ರ ಟೆಲಿ ಮಾನಸ್, ವ್ಯಸನಮುಕ್ತಿಗೆ 14446 ಇವೆ.

ಕೊನೆಯ ಮಾತು ಹೆರಿಗೆಯ ನಂತರದ್ದು, ನನಗೆ ಹೆಚ್ಚು ಚಿಂತೆ ಅದರದ್ದೇ. ಮ್ಯಾಸಚೂಸೆಟ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ, ಒಪಿಯಾಯ್ಡ್ ವ್ಯಸನವಿದ್ದ ತಾಯಂದಿರಿಗೆ ಓವರ್‌ಡೋಸ್ ಆದದ್ದು ಅತಿ ಹೆಚ್ಚಾಗಿ ಹೆರಿಗೆಯಾಗಿ 7ರಿಂದ 12 ತಿಂಗಳಲ್ಲಿ. ಸ್ಕಾಟ್ಲೆಂಡ್‌ನಲ್ಲಿ ಹೆಲ್ತ್ ವಿಸಿಟರ್ ಅನ್ನುವ ನರ್ಸ್ ಮನೆಗೆ 11 ಸಲ ಬರುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಗೂ ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ, ಆಮೇಲೆ 3, 6, 9, 12, 15ನೇ ತಿಂಗಳು, ಅಂದರೆ 11 ಭೇಟಿ ನಿಗದಿಯಾಗಿವೆ. ಕೊಂಡಿ ಕಳಚುವುದು ನಡುವೆ. ಮೊದಲ ಆರು ಭೇಟಿ ತವರಿನ ಊರಿನ ಆಶಾ ಮಾಡಿರುತ್ತಾರೆ, ಮುಂದಿನವು ಗಂಡನ ಊರಿನ ಆಶಾರ ಪಾಲಿಗೆ ಬರುತ್ತವೆ, ಅವರಿಗೆ ಇವಳ ವಿಷಯವೇ ಗೊತ್ತಿರುವುದಿಲ್ಲ. ತೊಟ್ಟಿಲು ಹೊತ್ತು ತವರಿನಿಂದ ಹೊರಡುವ ವಾರ, ಅವಳನ್ನು ಕೇಳಿ, ಅವಳು ಒಪ್ಪಿದರೆ ಅವಳ ಎದುರೇ, ಒಬ್ಬ ಆಶಾ ಇನ್ನೊಬ್ಬರಿಗೆ ಫೋನ್ ಮಾಡಬೇಕು: ಯಾವ ಮಾತ್ರೆ, ಇನ್ನೆಷ್ಟು ದಿನಕ್ಕಿದೆ, ಮುಂದಿನ ತಾರೀಖು ಯಾವುದು, ಗಂಡನ ಮನೆಯಲ್ಲಿ ಈ ವಿಷಯ ಯಾರಿಗೆ ಗೊತ್ತು, ಯಾರಿಗೆ ಗೊತ್ತಾಗಬಾರದು.