ತಾರೀಖಿನ ಬಾಲ

ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ. 2024ರ ಫೆಬ್ರವರಿ ಕೊನೆಯಲ್ಲಿ ಆ ತಿಂಗಳ ಬೆಲ್ಲದ ಲೆಕ್ಕವನ್ನು ಟೆಕ್ಸ್ಟ್ ಫೈಲ್ ಮಾಡಿ ನನಗೆ ಕಳಿಸಿದರು. ಒಂದೊಂದು ಸಾಲಿನಲ್ಲೂ ಕೊಂಡವರ ಹೆಸರು, ತೂಕ, ಕೊನೆಗೆ ತಾರೀಖು. ಅವರ ಕಂಪ್ಯೂಟರ್ ನಡೆಸುವುದು ವಿಂಡೋಸ್, ನನ್ನದನ್ನು ಲಿನಕ್ಸ್. ನನ್ನ ಪುಟ್ಟ ಪ್ರೋಗ್ರಾಮು ಹೆಸರು ಓದಿತು, ತೂಕ ಓದಿತು. ತಾರೀಖು ಮಾತ್ರ ಒಂದನ್ನೂ ಒಪ್ಪಲಿಲ್ಲ.

ಕಣ್ಣಿಗೆ ಎಲ್ಲ ಸರಿಯಾಗೇ ಇದೆ. 04/02/2024. ಬೆರಳಿಟ್ಟು ಎಣಿಸಿದೆ, ಹತ್ತು ಅಕ್ಷರ. ಕಂಪ್ಯೂಟರಿಗೆ ಎಣಿಸು ಅಂದೆ. ಹನ್ನೊಂದು ಅಂತು!

ಆ ಹನ್ನೊಂದನೆಯದು ಟೈಪ್‌ರೈಟರ್ ಕಾಲದ್ದು. ಮೈಸೂರಿನಲ್ಲಿ ಟೈಪಿಂಗ್ ಕಲಿಯುವಾಗ ಸಾಲು ಮುಗಿಯುವ ಹೊತ್ತಿಗೆ ಟಣ್ ಅಂತ ಗಂಟೆ ಹೊಡೆಯುತ್ತಿತ್ತು. ಎಡಗೈಯಲ್ಲಿ ಲಿವರ್ ತಳ್ಳಿದರೆ ಕ್ಯಾರೇಜು ಬಲಕ್ಕೆ ಸರಿಯುತ್ತಿತ್ತು, ಕಾಗದ ಒಂದು ಸಾಲು ಮೇಲೇರುತ್ತಿತ್ತು. ಈ ಎರಡು ಕೆಲಸಕ್ಕೆ ಕಂಪ್ಯೂಟರಿನಲ್ಲೂ ಎರಡು ಗುರುತು. ಕ್ಯಾರೇಜ್ ರಿಟರ್ನ್, ಲೈನ್ ಫೀಡ್. ವಿಂಡೋಸ್ ಸಾಲಿನ ಕೊನೆಗೆ ಎರಡನ್ನೂ ಹಾಕುತ್ತದೆ. ಲಿನಕ್ಸ್‌ಗೆ ಲೈನ್ ಫೀಡ್ ಒಂದೇ ಸಾಕು. ಮಿಕ್ಕಿದ್ದು ಕಾಣದ ಬಾಲದ ಹಾಗೆ ಕೊನೆಯ ಕಾಲಂಗೆ ಅಂಟಿಕೊಳ್ಳುತ್ತದೆ. ಚಿಕ್ಕಪ್ಪ ತೂಕವನ್ನು ಕೊನೆಗೆ ಬರೆದಿದ್ದರೆ ಈ ರಗಳೆ ತೂಕಕ್ಕೆ ಬರುತ್ತಿತ್ತು, ಅಲ್ವಾ? ಡಾಸ್‌ಟುಯೂನಿಕ್ಸ್ ಅಂತ ಒಂದು ಟೂಲ್ ಇದೆ. ಒಂದೇ ಏಟಿಗೆ ಬಾಲವನ್ನೆಲ್ಲ ಕತ್ತರಿಸಿತು.

ಮೇಲಿನ ಹತ್ತು ಸಾಲು ನೋಡಿ, ಖುಷಿಯಿಂದ ಪಟ್ಟಿ ಕಳಿಸಿದೆ. ಚಿಕ್ಕಪ್ಪನ ಫೋನ್ ಬಂತು.

"ಏನ್ಲಾ, ಡಿಸೆಂಬರ್ ಎರಡಕ್ಕೆ ಬೆಲ್ಲ ಮಾರಿದೀನಿ ಅಂತ ಹಾಕಿದ್ದೀಯ? ಆ ಕಬ್ಬಿನ್ನೂ ಮೊಣಕಾಲುದ್ದ ಐತೆ ಕಣ್ಲಾ!"

12/02/2024. ತಾರೀಖು ಓದುವ ಸಾಲನ್ನು ಯಾವುದೋ ಹಳೇ ಪ್ರೋಗ್ರಾಮಿನಿಂದ ಸುಮ್ನೆ ಎತ್ತಿಕೊಂಡಿದ್ದೆ. ಅದು ಅಮೆರಿಕದವರ ರೂಢಿ, ತಿಂಗಳು ಮೊದಲು. ಹಾಗಾಗಿ 12ರವರೆಗಿನ ದಿನವೆಲ್ಲ ತಿಂಗಳಾಗಿ ಕೂತಿತ್ತು. ಹದಿಮೂರನೇ ತಿಂಗಳು ಎಲ್ಲಿಂದ ಬರಬೇಕು? ಅಲ್ಲಿಂದ ಕೆಳಗೆ ಎಲ್ಲ ಖಾಲಿ. 02/02 ಒಂದೇ ಸರಿಯಿತ್ತು, ಅದೂ ಪುಣ್ಯಕ್ಕೆ.

ನನ್ನ ಕೇಳಿದರೆ ಬಾಲದ ತಪ್ಪೇ ವಾಸಿ. ಅದು ಬಾಗಿಲಲ್ಲೇ ನಿಂತು ಗಲಾಟೆ ಮಾಡಿತು. ಇದು ಸದ್ದಿಲ್ಲದೆ ಒಳಗೆ ಬಂದು, ಊಟಕ್ಕೂ ಕೂತುಬಿಟ್ಟಿತ್ತು.

ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೀರಿ ಅಂತ ಚಿಕ್ಕಪ್ಪನಿಗೆ ಹೇಳಿದೆ. ಐಎಸ್‌ಒ 8601 ಅಂತ ಇದಕ್ಕೊಂದು ನಿಯಮ 1988ರಲ್ಲೇ ಬಂದಿದೆ ಅಂತಲೂ ಸೇರಿಸಿದೆ. ಅವರು ಹೂಂ ಅಂದರು. ಮಾರ್ಚ್ ಫೈಲ್ ಬಂತು. 2024-03-09. ಎಷ್ಟು ಚೆಂದ! ಅದೇ ಸಾಲಿನಲ್ಲಿ, ಒಂದು ಕಾಮಾ ಹಾಕಿ, ನನ್ನ ಪ್ರೋಗ್ರಾಮಿಗೆ ಗೊತ್ತೇ ಇಲ್ಲದ ಹೊಸ ಕಾಲಂ: "ಶಿವರಾತ್ರಿ ಮಾರನೇ ದಿನ."