‘ರಾ’ ಅಂದರೆ ಎಂತದು ಮಾರಾಯ್ರೆ?

ಡಾಕ್ಟರು ಕನ್ನಡದಲ್ಲಿ ಬೈದರು. ಮದ್ದಿನಂಗಡಿಯ ಹುಡುಗ ಮಲಯಾಳದಲ್ಲಿ ಬರೆದ. ನನ್ನ ಕಷ್ಟ ಶುರುವಾದದ್ದು ಇವೆರಡರ ನಡುವೆ.

ಬಿಪಿ 160/100 ಇತ್ತು. ಹದಿನೈದು ದಿನ ಬಿಟ್ಟು ನೋಡಿದರೂ ಇಳಿಯುವ ಲಕ್ಷಣ ಇಲ್ಲ. ಎರಡು ಮಾತ್ರೆ ಬರೆದರು. ಒಂದು ಟೆಲ್ಮಿಸಾರ್ಟನ್ 40, ಇನ್ನೊಂದು ಕ್ಲೋರ್ಥಾಲಿಡೋನ್ 12.5. ಎರಡನೆಯದರ ಹೆಸರು ಹೇಳುವಾಗಲೇ ನನಗೆ ಬಿಪಿ ಏರುತ್ತದೆ. ಯಾವಾಗ ನುಂಗಬೇಕು ಅಂತಲೂ ಡಾಕ್ಟರು ಹೇಳಿರಬೇಕು. ನಾನು ಆಗ ಬಸ್ಸು ತಪ್ಪುತ್ತದಾ ಅಂತ ಗಡಿಯಾರ ನೋಡುತ್ತಿದ್ದೆ.

ನಾನು ಕಾಸರಗೋಡಿನವನು, ಕನ್ನಡ ಮೀಡಿಯಂನಲ್ಲಿ ಓದಿದವನು. ಮಲಯಾಳ ಮಾತು ಬರುತ್ತದೆ, ಲಿಪಿ ಮಾತ್ರ ಬಸ್ಸಿನ ಬೋರ್ಡಿನಷ್ಟು. ಅದೂ ಮೊದಲ ಅಕ್ಷರ ನೋಡಿ ಹತ್ತುವುದು. ‘ಬ’ ಕಂಡರೆ ಬದಿಯಡ್ಕ. ಒಮ್ಮೆ ಹತ್ತಿ ಕೂತ ಮೇಲೆ ಬಂದ್ಯೋಡು ಆದದ್ದೂ ಉಂಟು. ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು.

ಮಾತ್ರೆಯ ಕವರಿನ ಮೇಲೆ ‘ರಾ’ ಚಂದಕ್ಕೆ ಕಾಣುತ್ತಿತ್ತು. ಅದರ ಮುಂದಿನದ್ದು ಎರೆಹುಳ ಹರಿದ ಹಾಗೆ. ರಾ ಅಂದರೆ ರಾತ್ರಿ, ಅದಕ್ಕೆ ಯಾರನ್ನು ಕೇಳಬೇಕು? ಮಲಯಾಳದಲ್ಲಿ ಬೆಳಗ್ಗೆಗೆ ‘ರಾವಿಲೆ’ ಅನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದವರು ಬೇಕಾದಷ್ಟು ಯೋಚಿಸಿರಬಹುದು. ನನ್ನ ಮೂತ್ರಕೋಶದ ಬಗ್ಗೆ ಯೋಚಿಸಿರಲಿಕ್ಕಿಲ್ಲ.

ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಎರಡನ್ನೂ ನುಂಗಿ ಮಲಗಿದೆ. ಹನ್ನೊಂದೂವರೆಗೆ ಮೊದಲ ಸಲ ಎಚ್ಚರ. ನಮ್ಮದು ಹಳೆ ಮನೆ. ಪಾಯಿಖಾನೆ ಅಂಗಳದ ಆಚೆ ಬದಿ. ಆಟಿ ತಿಂಗಳ ಮಳೆ ಬೇರೆ. ಕೊಡೆ ಹಿಡಿದು, ಟಾರ್ಚು ಹಿಡಿದು, ಇನ್ನೊಂದನ್ನು ತಡೆಹಿಡಿದು ಹೋದೆ. ನಾಯಿ ಕಳ್ಳ ಬಂದ ಹಾಗೆ ಬೊಗಳಿತು. ಮುಕ್ಕಾಲು ಗಂಟೆಯಲ್ಲಿ ಎರಡನೇ ಸಲ. ನಾಯಿ ಒಂದೇ ಸಲ ಬೊಗಳಿತು. ಮೂರನೇ ಸಲಕ್ಕೆ ಬರೀ ಕಿವಿ ಎತ್ತಿತು. ನಾಲ್ಕನೇ ಸಲಕ್ಕೆ ಅದೂ ಇಲ್ಲ. ಆಗ ನಾನು ಗಡಿಬಿಡಿಯಲ್ಲಿ ಎದ್ದವನೇ ತಲೆ ಗಿರ್ರೆಂದು ಬಾಗಿಲ ದಾರಂದ ಹಿಡಿದು ನಿಂತುಬಿಟ್ಟೆ. ಹೆಂಡತಿ ಎದ್ದು ಕೂತಳು.

ಬೆಳಗ್ಗೆ ಭಾವ ಬಂದರು. ಅವರಿಗೆ ಬೆನ್ನುನೋವು, ಕಿಸೆಯಲ್ಲಿ ಯಾವಾಗಲೂ ನೋವಿನ ಮಾತ್ರೆ. “ಆ ಮದ್ದು ಬಿಟ್ಟುಬಿಡಿ ಭಾವ, ನಿಮಗೆ ಆಗುವುದಿಲ್ಲ. ಮೈಕೈ ನೋವಿದ್ದರೆ ಇದೊಂದು ತಗೊಳ್ಳಿ” ಅಂದರು. ನನಗೂ ಸರಿ ಅನ್ನಿಸಿತ್ತು. ಹೆಂಡತಿ ಒಪ್ಪಲಿಲ್ಲ. ಬಿಲ್ಲಿನಲ್ಲಿದ್ದ ಮದ್ದಿನಂಗಡಿಯ ನಂಬರಿಗೆ ಫೋನು ಮಾಡಿದಳು. ಅವಳು ಸುಳ್ಯದವಳು, ಮಲಯಾಳ ಅಷ್ಟಕ್ಕಷ್ಟೇ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು. “ಚೇಚೀ, ರಾತ್ರಿಯುಂ ಅಲ್ಲ, ಉಚ್ಚಯ್ಕುಂ ಅಲ್ಲ, ರಾವಿಲೆ!” ಉಚ್ಚ ಅಂದರೆ ಮಧ್ಯಾಹ್ನ. ಅವಳು ಫೋನಿಟ್ಟು ನನ್ನನ್ನೇ ನೋಡಿದಳು. “ಉಚ್ಚೆಗೂ ಅಲ್ಲವಂತೆ. ಮತ್ತೆ ನೀವು ರಾತ್ರಿಯಿಡೀ ಹೋದದ್ದು ಎಂತಕ್ಕೆ?”

ಕೊನೆಗೆ ಡಾಕ್ಟರಿಗೇ ಫೋನು. ಒಂದು ಮಾತ್ರೆ ರಕ್ತನಾಳ ಸಡಿಲ ಮಾಡುತ್ತದೆ, ಇನ್ನೊಂದು ಮೈಯ ಉಪ್ಪು ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಅದಕ್ಕೇ ಬೆಳಗ್ಗೆ ಕೊಟ್ಟದ್ದು ಅಂದರು. ನಾಳೆಯಿಂದ ಬೆಳಗ್ಗೆ ತಗೊಳ್ಳಿ, ಮಲಗಿದಲ್ಲಿಂದ ಏಳುವಾಗ ಸ್ವಲ್ಪ ಕೂತು ಏಳಿ, ತಲೆ ತಿರುಗುವುದು ನಿಲ್ಲದಿದ್ದರೆ ಬನ್ನಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಬಿಪಿ ಸರಿ ಬಂತು ಅಂತ ನೀವೇ ನಿಲ್ಲಿಸಬೇಡಿ, ಅದು ಸರಿ ಬಂದದ್ದೇ ಮಾತ್ರೆಯಿಂದ. ನೋವಿನ ಮಾತ್ರೆಯ ಸುದ್ದಿ ಎತ್ತಿದಾಗ ಸ್ವರ ಏರಿತು. ಅದರಲ್ಲಿ ಕೆಲವು ಬಿಪಿಯನ್ನೇ ಏರಿಸುತ್ತವಂತೆ, ಕಿಡ್ನಿಗೂ ಒಳ್ಳೆಯದಲ್ಲವಂತೆ. ಭಾವ ಮೆಲ್ಲಗೆ ಅಂಗಳಕ್ಕೆ ಇಳಿದರು.

ಉಪ್ಪಿನ ವಿಷಯ ನಾನು ಎತ್ತಲಿಲ್ಲ. ಅವರೇ ಎತ್ತಿದರು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಅಟ್ಟದಲ್ಲಿ ಒಂದು ಭರಣಿ ಹಲಸಿನ ಉಪ್ಪುಸೊಳೆ, ಎರಡು ಭರಣಿ ಮಾವಿನ ಮಿಡಿ ಇರುವ ಮನೆಯವರಿಗೆ ಹೇಳುವ ಮಾತಾ ಇದು?

ಇಷ್ಟಕ್ಕೆ ಮುಗಿಯಲಿಲ್ಲ. ಮರೆಯಬಾರದು ಅಂತ ನಾನು ಒಂದು ವಾರದ ಟೆಲ್ಮಿಸಾರ್ಟನ್ ಬಿಡಿಸಿ ಹಳೆ ಸುಣ್ಣದ ಡಬ್ಬಿಯಲ್ಲಿ ತುಂಬಿಸಿಟ್ಟೆ. ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುವ ಊರು ನಮ್ಮದು. ನಾಲ್ಕನೇ ದಿನ ಮುಚ್ಚಳ ತೆಗೆದರೆ ಮಾತ್ರೆಗಳು ಒಂದಕ್ಕೊಂದು ಅಂಟಿ ಕೂತಿದ್ದವು. ಈ ಮಾತ್ರೆ ತೇವ ಎಳೆದುಕೊಳ್ಳುತ್ತದೆ, ನುಂಗುವ ಹೊತ್ತಿಗೇ ಸ್ಟ್ರಿಪ್ಪಿನಿಂದ ತೆಗೆಯಬೇಕು. ಅಷ್ಟನ್ನೂ ಎಸೆದು ಹೊಸದು ತಂದೆ.

ಈ ಸಲ ಹೆಂಡತಿ ಕವರಿನ ಮೇಲೆ ಕನ್ನಡದಲ್ಲೇ ಬರೆದಳು, ದಪ್ಪಕ್ಕೆ ‘ಬೆ’ ಅಂತ. ಬೆಳಗ್ಗೆ. ಇನ್ನು ತಪ್ಪುವ ಹಾಗಿಲ್ಲ ಅಂದುಕೊಂಡೆವು.

ನಿನ್ನೆ ಭಾವ ಬಂದವರು ಮೇಜಿನ ಮೇಲಿದ್ದ ಕವರು ಎತ್ತಿ ತಿರುಗಿಸಿ ನೋಡಿದರು.

“ಓ, ಬೆನ್ನುನೋವಿನದ್ದಾ? ನನ್ನದು ಮುಗಿದಿದೆ ಭಾವ, ಒಂದು ಕೊಡಿ.”