ಸೂಯೆಜ್ ಕಾಲುವೆಯಲ್ಲಿ ಗೇಟುಗಳಿಲ್ಲ: ಒಂದು ಸ್ಪಷ್ಟನೆ

ಈಜಿಪ್ಟಿನ ಪೋರ್ಟ್ ಸೈದ್ ಬಂದರಿನಲ್ಲಿ ಬೃಹತ್ ಗೇಟುಗಳ ನಡುವೆ ನೀರು ತುಂಬಿಸಿ, ಹಡಗುಗಳನ್ನು ಮೇಲೆತ್ತಿ ಸೂಯೆಜ್ ಕಾಲುವೆಗೆ ಬಿಡುತ್ತಾರೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. 1869ರ ನವೆಂಬರ್ 17ರಂದು ಉದ್ಘಾಟನೆಗೊಂಡ, ಈಗ ಸುಮಾರು 193 ಕಿ.ಮೀ. ಉದ್ದವಿರುವ ಈ ಕಾಲುವೆಯಲ್ಲಿ ಅಂಥ ಒಂದು ಗೇಟೂ ಇಲ್ಲ. ಹಡಗುಗಳು ದಾರಿ ತೋರಿಸುವ ಪೈಲಟ್‌ನನ್ನು ಹತ್ತಿಸಿಕೊಂಡು, ಒಂದರ ಹಿಂದೊಂದು ಸಾಲಾಗಿ, ಸಮುದ್ರಮಟ್ಟದಲ್ಲಿಯೇ ಸಾಗುತ್ತವೆ.

ಗೇಟುಗಳಿರುವುದು ಪನಾಮ ಕಾಲುವೆಯಲ್ಲಿ. ಅಲ್ಲಿ ಹಡಗು ಸುಮಾರು 26 ಮೀಟರ್ ಎತ್ತರದ ಗಾಟುನ್ ಸರೋವರಕ್ಕೆ ಏರಬೇಕಾಗುತ್ತದೆ. ಹಳೆಯ ಗೇಟುಗಳ ಬಳಿ ಗೋಡೆಯ ಮೇಲಿನ ಹಳಿಗಳಲ್ಲಿ ಓಡುವ ಪುಟ್ಟ ಎಂಜಿನ್‌ಗಳು ಹಗ್ಗ ಹಿಡಿದು ಅದನ್ನು ನೇರವಾಗಿ ನಿಲ್ಲಿಸುತ್ತವೆ. ಹಾಗೆ ನೋಡಿದರೆ, ಸೂಯೆಜ್ ಕಾಲುವೆಯ ಎರಡು ತುದಿಗಳಲ್ಲಿ ನೀರಿನ ಮಟ್ಟ ಬೇರೆ ಬೇರೆ, ಆದ್ದರಿಂದ ಗೇಟು ಬೇಕು ಎಂಬ ತಪ್ಪು ಹೊಸದೇನಲ್ಲ: ಕೆಂಪು ಸಮುದ್ರವು ಮೆಡಿಟರೇನಿಯನ್‌ಗಿಂತ ಹತ್ತು ಮೀಟರಿನಷ್ಟು ಎತ್ತರದಲ್ಲಿದೆಯೆಂದು 1799ರಲ್ಲಿ ನೆಪೋಲಿಯನ್ನನ ಎಂಜಿನಿಯರುಗಳೇ ತಪ್ಪಾಗಿ ಲೆಕ್ಕ ಹಾಕಿದ್ದರು.